ದೊಡ್ಡಪ್ಪನನ್ನು ನಾನೇ ಸಾಯಿಸಿದ್ದು

ದಪ್ಪ ಕಾದಂಬರಿಗಳನ್ನು ಪೂರ್ತಿ ಓದುವವಳು ಎಂದು ನನಗೊಂದು ಹೆಸರಿದೆ. ಆ ಹೆಸರು ಬಂದದ್ದು ಹೇಗೆಂದು ಯಾರೂ ವಿಚಾರಿಸಿಲ್ಲವಾದ್ದರಿಂದ ಈವರೆಗೆ ಉಳಿದುಕೊಂಡಿದೆ. ನಿಜ ಹೇಳಬೇಕೆಂದರೆ ಮದುವೆಯಾಗುವ ತನಕ ನಾನು ಮುನ್ನೂರು ಪುಟ ದಾಟಿದ ಯಾವ ಪುಸ್ತಕವನ್ನೂ ನೆಟ್ಟಗೆ ಓದಿ ಮುಗಿಸಿದವಳಲ್ಲ. ಮೊದಲ ನೂರು ಪುಟ ಶ್ರದ್ಧೆಯಿಂದ, ಆಮೇಲೆ ಮಾತುಕತೆ ಇರುವ ಕಡೆ ಮಾತ್ರ, ಕೊನೆಗೆ ಯಾರು ಯಾರನ್ನು ಮದುವೆಯಾದರು ಎಂದು ಹಿಂದಿನಿಂದ ಇಣುಕಿ ನೋಡಿ, ಪುಸ್ತಕ ಮುಚ್ಚಿ, ತುಂಬ ಚೆನ್ನಾಗಿದೆ ಎಂದು ನಾಲ್ಕು ಜನರೆದುರು ಹೇಳುವುದು ನನ್ನ ಪದ್ಧತಿಯಾಗಿತ್ತು. ನೀವೂ ಹೀಗೆ ಮಾಡಿರುತ್ತೀರಿ, ಒಪ್ಪಿಕೊಳ್ಳಬೇಕಾಗಿಲ್ಲ.

ಮಾಲೂರಿನಲ್ಲಿ ಹೈಸ್ಕೂಲು ಮುಗಿಸಿದ್ದ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಕುರುಡುಮಲೆ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ರಾಗಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ಮನೆ. ನಡುಮನೆಗೆ ಅಂಟಿಕೊಂಡೇ ರೇಷ್ಮೆ ಹುಳದ ಕೋಣೆ. ನನಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಮುದ್ದೆ ತೊಳಸಿದರೆ ಗಂಟಾಗುತ್ತಿತ್ತು. ಸೊಪ್ಪು ಹೆಚ್ಚಿದರೆ ಮರಿಹುಳಕ್ಕೆ ಬೇಕಾದಷ್ಟು ಸಣ್ಣಗಾಗುತ್ತಿರಲಿಲ್ಲ. ಮೊದಲ ತಿಂಗಳಲ್ಲೇ, ಹುಳಗಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತಿದ್ದನ್ನು ಕಂಡು ಸತ್ತೇಹೋದವೆಂದು ತಿಳಿದು, ಒಂದು ತಟ್ಟೆ ಹುಳವನ್ನು ತಿಪ್ಪೆಗೆ ಸುರಿಯಲು ಹೊರಟಿದ್ದೆ. ಅತ್ತೆ ಕೈ ಹಿಡಿದು ನಿಲ್ಲಿಸಿ, ಅದು ಜ್ವರ, ಪೊರೆ ಬಿಟ್ಟು ತಾನೇ ಏಳುತ್ತದೆ, ಒಂದು ದಿನ ಸುಮ್ಮನಿರು ಎಂದರು. ಇಷ್ಟು ಕೈಲಾಗದವಳಿಗೆ ಆ ಮನೆಯಲ್ಲಿ ಒಂದು ಸ್ಥಾನ ಸಿಕ್ಕಿದ್ದರೆ ಅದು ಓದಿನಿಂದ ಮಾತ್ರ.

ನಮ್ಮೆಜಮಾನರು ಒಮ್ಮೆ ಮುಳಬಾಗಿಲಿನ ಲೈಬ್ರರಿಯಿಂದ ಎಂಟುನೂರು ಪುಟದ ಕಾದಂಬರಿಯೊಂದನ್ನು ತಂದರು. ಆರಿಸಿದ್ದಕ್ಕೆ ಕಾರಣ ಕೇಳಿದರೆ, ದಪ್ಪಗಿದೆ, ಬದಲಾಯಿಸಲು ಬೇಗ ಬೇಗ ಹೋಗಬೇಕಾಗಿಲ್ಲ ಎಂದರು. ಅತ್ತೆಗೆ, ನಾನು ಕರೆಯುತ್ತಿದ್ದಂತೆ ಅತ್ತಮ್ಮನಿಗೆ, ಓದು ಬರುತ್ತಿರಲಿಲ್ಲ. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು, ಪುಸ್ತಕದ ಕನ್ನಡ ಒಳಗೆ ಇಳಿಯುತ್ತಿರಲಿಲ್ಲ. ಹೀಗಾಗಿ ಮಧ್ಯಾಹ್ನ ಅವರು ಸೊಪ್ಪು ಹೆಚ್ಚಲು ಕೂತಾಗ ನಾನು ಒಂದೊಂದು ಪ್ಯಾರಾ ಓದಿಕೊಂಡು ಅದನ್ನು ತೆಲುಗಿನಲ್ಲಿ ಹೇಳತೊಡಗಿದೆ. ಅವರು ತಲೆ ಎತ್ತದೆ "ಊಁ, ಚೆಪ್ಪು" ಎನ್ನುವರು. ಮುಂದೆ ಹೇಳು ಎಂದರ್ಥ. ವಾರದೊಳಗೆ ನನಗೆ ಸೊಪ್ಪು ಹೆಚ್ಚುವ ಕೆಲಸ ತಪ್ಪಿತು. ಸಂಜೆಯ ಹೊತ್ತಿಗೆ ಕಥೆ ಅವರ ಬಾಯಿಂದ ಬೀದಿಗೂ ಹೋಗುತ್ತಿತ್ತು. ನಮ್ಮ ಸೊಸೆ ಹೇಳಿದ್ದು ಎಂದು ಅವರು ಸೇರಿಸುವುದನ್ನು ಬಾಗಿಲ ಸಂದಿಯಿಂದ ಕೇಳಿ ನಾನು ಹಿಗ್ಗುತ್ತಿದ್ದೆ.

ಗಮಕದಲ್ಲಿ ಒಬ್ಬರು ಹಾಡಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಚಿಕ್ಕವಳಿದ್ದಾಗ ದೇವಸ್ಥಾನದಲ್ಲಿ ಕೇಳಿದ್ದೇನೆ. ಅರ್ಥ ಹೇಳುವವರು ಒಂದು ಪದ್ಯ ಬಿಟ್ಟರೂ ಮುಂದಿನ ಸಾಲಿನ ಮುದುಕರು ಕೆಮ್ಮುತ್ತಿದ್ದರು. ಕಥೆ ಅವರಿಗೆಲ್ಲ ಮೊದಲೇ ಗೊತ್ತು. ಕಾದಂಬರಿಯಲ್ಲಿ ಆ ಕಾಟವಿಲ್ಲ. ಮುಂದೇನಾಗುತ್ತದೆಂದು ನಮ್ಮೂರಿನಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಅಂಥ ಅಧಿಕಾರ ಕೈಗೆ ಬಂದರೆ ಮನುಷ್ಯರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ.

ಕಾದಂಬರಿಯಲ್ಲಿ ಒಬ್ಬ ದೊಡ್ಡಪ್ಪನಿದ್ದ. ಮನೆಯವರೆಲ್ಲ ಜಮೀನಿಗಾಗಿ ಹೊಡೆದಾಡುತ್ತಿದ್ದರೆ ಈತ ಜಗಲಿಯ ಮೇಲೆ ಕೂತು ಕಾಲ, ಜೀವ, ಪ್ರಪಂಚ ಎಂದು ಯೋಚಿಸುತ್ತಾನೆ. ಮುನ್ನೂರ ನಲವತ್ತನೆಯ ಪುಟದಲ್ಲಿ ಶುರುಮಾಡಿದವನು ಮುನ್ನೂರ ಎಪ್ಪತ್ತಾದರೂ ಎದ್ದಿರಲಿಲ್ಲ. ಅವನ ಒಂದೊಂದು ವಾಕ್ಯದ ತುದಿ ಸಿಗುವಷ್ಟರಲ್ಲಿ ಅದರ ಬುಡ ಮರೆತುಹೋಗುತ್ತಿತ್ತು. ಅದನ್ನು ನನ್ನ ಮುರುಕು ತೆಲುಗಿಗೆ ಇಳಿಸಬೇಕು ಬೇರೆ. ಸುಮ್ಮನೆ ಕೂತ ಹುಳ ಸತ್ತ ಹುಳವಲ್ಲವೆಂದು ತಟ್ಟೆಯ ಮುಂದೆ ಕಲಿತಿದ್ದೆ, ಪುಸ್ತಕದ ಮುಂದೆ ಅದು ನೆನಪಾಗಲಿಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪನಿಗೆ ಎದೆನೋವು ಬಂತು, ಹೋಗಿಬಿಟ್ಟ ಎಂದು ಹೇಳಿ ಎಪ್ಪತ್ತು ಪುಟ ಹಾರಿಸಿದೆ.

ಅತ್ತಮ್ಮನ ಕತ್ತಿ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಮಕ್ಕಳಿಲ್ಲದ ಮನುಷ್ಯ, ತಿಥಿ ಯಾರು ಮಾಡಿದರು ಎಂದು ಕೇಳಿದರು. ತಂಗಿಯ ಮಗ ಮಾಡಿದ ಎಂದೆ. ಊಟಕ್ಕೆ ಏನು ಮಾಡಿಸಿದ್ದರೆಂದೂ ಹೇಳಬೇಕಾಯಿತು. ಬೀದಿಯಲ್ಲಿ ಮೂರು ದಿನ ದೊಡ್ಡಪ್ಪನದೇ ಮಾತು. ಬದುಕಿದ್ದಾಗ ಯಾರಿಗೂ ಬೇಡವಾಗಿದ್ದವನನ್ನು ಸತ್ತ ಮೇಲೆ ಎಲ್ಲರೂ ಹೊಗಳಿದರು. ನನಗೆ ಕೊಂಚ ಹೆಮ್ಮೆಯೇ ಆಯಿತು.

ಅದಾಗಿ ತಿಂಗಳ ಮೇಲೆ ಆರುನೂರ ಹತ್ತನೆಯ ಪುಟದಲ್ಲಿ ಊರಿಗೆ ಬಸ್ಸು ಬಂತು. ಬಸ್ಸಿನಿಂದ ಕೊಡೆ ಹಿಡಿದುಕೊಂಡು ದೊಡ್ಡಪ್ಪ ಇಳಿದ. ಕಾಶಿಗೆ ಹೋಗಿದ್ದನಂತೆ. ನಾನು ಹಾರಿಸಿದ ಪುಟಗಳಲ್ಲಿ ಹೊರಟಿರಬೇಕು. ಹೋಗಲಿ ಎಂದರೆ, ಇಡೀ ಜಮೀನಿನ ವ್ಯಾಜ್ಯ ತೀರುವುದು ಅವನೊಬ್ಬನ ಮಾತಿನಿಂದಲೇ. ಅವನನ್ನು ಬಿಟ್ಟು ಒಂದು ಸಾಲೂ ಮುಂದೆ ಹೋಗುವಂತಿರಲಿಲ್ಲ. ಬೆವರೊರೆಸಿಕೊಂಡು, ದೊಡ್ಡಪ್ಪನ ತಮ್ಮನೊಬ್ಬ ಬಂದ, ನೋಡಲು ಥೇಟು ಅಣ್ಣನಂತೆಯೇ ಇದ್ದ ಎಂದೆ.

"ಅಲ್ಲ ಕಣೇ, ಅಣ್ಣ ಸತ್ತಾಗ ತಿಥಿಗೂ ಬರ್ದಿದ್ದೋನು ಈಗ್ಯಾಕೆ ಕೊಡೆ ಹಿಡ್ಕೊಂಡು ಬಂದ?" ಎಂದರು ಅತ್ತಮ್ಮ.

ನಮ್ಮ ಕಡೆ ಒಡಹುಟ್ಟಿದವನ ತಿಥಿಗೆ ಬರದವನನ್ನು ಮನೆಯೊಳಗೆ ಸೇರಿಸುವುದಿಲ್ಲ, ಅವನ ಮಾತಿಗೆ ಜಮೀನು ಬಿಟ್ಟುಕೊಡುವುದಂತೂ ದೂರ. ಅಷ್ಟು ಸುಲಭದ ವಿಷಯ ನನಗೆ ಹೊಳೆದಿರಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಪುಸ್ತಕ ಮುಚ್ಚಿ, ಎಲ್ಲವನ್ನೂ ಹೇಳಿಬಿಟ್ಟೆ. ಆ ಮನೆಯಲ್ಲಿ ನನಗಿದ್ದುದು ಅದೊಂದೇ ಮರ್ಯಾದೆ. ಇನ್ನು ನಾನು ಓದಿ ಹೇಳಿದ್ದನ್ನು ಅವರು ನಂಬದಿದ್ದರೆ ನನ್ನ ಪಾಲಿಗೆ ಉಳಿಯುವುದು ಗಂಟುಮುದ್ದೆ ಮಾತ್ರ.

ಅತ್ತಮ್ಮ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡರು. ಆಮೇಲೆ, ಎಲ್ಲಿಂದ ಬಿಟ್ಟೆಯೋ ಅಲ್ಲಿಂದ ಓದು ಎಂದರು.

ಒಂಬತ್ತು ಮಧ್ಯಾಹ್ನ ಬೇಕಾಯಿತು. ಕಾಲಕ್ಕೂ ಜೀವಕ್ಕೂ ನನ್ನ ತೆಲುಗು ಸಾಲದಾದಾಗ ಅವರೇ ಮಾತು ಹುಡುಕಿಕೊಟ್ಟರು. ಎರಡು ಸಲ ಕೂತಲ್ಲೇ ತೂಕಡಿಸಿದರು. ಈ ಜಗಲಿಯ ಮೇಲೆ ತನ್ನ ಜೊತೆ ಕೂತೆದ್ದವರು ಯಾರ್ಯಾರೆಂದು ದೊಡ್ಡಪ್ಪ ನೆನೆಸಿಕೊಳ್ಳುವ ಕಡೆ ಮಾತ್ರ ಕತ್ತಿ ಕೆಳಗಿಟ್ಟು, ಅದನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಎರಡನೆಯ ಸಲ ಹೇಳುವಾಗ ನನಗೂ ಅದು ಅರ್ಥವಾಯಿತು. ಎಪ್ಪತ್ತು ಪುಟ ಮುಗಿದ ದಿನ ಅವರು ಸೊಪ್ಪಿನ ಚೂರು ಕೊಡವಿಕೊಂಡು ಹೇಳಿದರು:

"ಮಾತು ಜಾಸ್ತೀನೇ ಕಣೇ ಆ ಮನುಷ್ಯಂದು. ನೀನು ಸಾಯಿಸಿದ್ದು ತಪ್ಪು ಅನ್ನಲ್ಲ. ಆದ್ರೆ ಸಾಕು ಅನ್ನೋದು ಕೇಳೋಳು ಹೇಳ್ಬೇಕು, ಓದೋಳಲ್ಲ."

ಬೀದಿಯವರಿಗೆ ಏನು ಹೇಳುವುದೆಂಬ ಚಿಂತೆ ಇನ್ನೂ ಉಳಿದಿತ್ತು. ಆ ಸಂಜೆ ಹೆಂಗಸರು ಸೇರಿದ್ದಾಗ ಅತ್ತಮ್ಮ ಕಥೆ ಮುಂದುವರಿಸಿ ದೊಡ್ಡಪ್ಪನನ್ನು ಬಸ್ಸಿನಿಂದ ಇಳಿಸುತ್ತಿದ್ದಂತೆ, ಸತ್ತ ದೊಡ್ಡಪ್ಪ ಬಂದದ್ದು ಹೇಗೆ ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತಮ್ಮ ಒಂದಿಷ್ಟೂ ತಡವರಿಸದೆ, ನಮ್ಮ ಸೊಸೆ ಸರಿಯಾಗಿಯೇ ಓದಿದ್ದಳು, ಪುಸ್ತಕದಲ್ಲೇ ಎರಡು ಹಾಳೆ ಅಂಟಿಕೊಂಡಿದ್ದವು ಎಂದುಬಿಟ್ಟರು. ಎರಡು ಹಾಳೆ ಅಂಟಿಕೊಂಡರೆ ಒಬ್ಬ ಮನುಷ್ಯ ಸತ್ತು ಅವನ ತಿಥಿಯ ಊಟವೂ ಆಗಿಹೋಗುವುದು ಹೇಗೆಂದು ಯಾರೂ ಕೇಳಲಿಲ್ಲ.

ಪುಟ ಹಾರಿಸುವುದನ್ನು ನಾನು ಬಿಟ್ಟದ್ದು ಅತ್ತಮ್ಮ ಹೇಳಿದ ಆ ಬುದ್ಧಿಮಾತಿನಿಂದಲ್ಲ, ಈ ಸುಳ್ಳಿನಿಂದ.