ಮುಖ ಮರೆಸದ ಬಳೆಗಾರ್ತಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅಮೀರಬಿಯನ್ನು ಅರಿಯದವರಿಲ್ಲ. ಹುಟ್ಟಿನಿಂದಲೇ ಅವಳ ಮೈಗೆ ಬಣ್ಣವಿಲ್ಲ. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬೆಳ್ಳಗೆ. ದೂರದ್ದು ಮಸುಕು, ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗದು. ಚಿಕ್ಕಂದಿನಲ್ಲಿ ನೆಂಟರು ಬಂದರೆ ಮನೆಯವರೇ ಅವಳನ್ನು ಒಳಕೋಣೆಯಲ್ಲಿ ಕೂರಿಸುತ್ತಿದ್ದರಂತೆ. ಗಂಡ ದಾದಾಪೀರ ಊರೂರು ತಿರುಗಿ ಬಳೆ ಮಾರುತ್ತಿದ್ದ. ಅವನು ತೀರಿಕೊಂಡಾಗ ಮಗಳು ದಿಲನಾಜ ಇನ್ನೂ ಶಾಲೆಯಲ್ಲಿದ್ದಳು. ಶೋಕದ ತಿಂಗಳುಗಳು ಮುಗಿದ ಕೂಡಲೇ ಅಮೀರಬಿ ಗಂಡನ ಬಳೆಗಂಟನ್ನು ಹೆಗಲಿಗೇರಿಸಿ ಕದರಮಂಡಲಗಿಯ ಬಸ್ಸು ಹತ್ತಿದಳು.

ಕಣ್ಣಿಗೆ ಆಗದ್ದನ್ನು ಬೆರಳುಗಳು ಕಲಿತುಕೊಂಡವು. ಮುಂಗೈಯನ್ನು ಮೆಲ್ಲಗೆ ಒತ್ತಿ ನೋಡಿ, ಅಳತೆ ಹೇಳಿ, ಮಾತಾಡುತ್ತಲೇ ಬಳೆ ಏರಿಸಿಬಿಡುತ್ತಿದ್ದಳು. ಕಾಗಿನೆಲೆಯಿಂದ ಕರ್ಜಗಿಯವರೆಗೆ ಮದುವೆಯಿರಲಿ, ಬಸುರಿಗೆ ಮಾಡುವ ಕುಬಸವಿರಲಿ, ಹೆಂಗಸರು ಅವಳಿಗೇ ಹೇಳಿ ಕಳಿಸುತ್ತಿದ್ದರು. ಹಾಗೆ ಬಿಸಿಲಲ್ಲೇ ವರ್ಷಗಳು ಕಳೆದವು.

ಅರವತ್ತು ದಾಟಿದ ಮೇಲೆ ಅವಳ ಮೂಗಿನ ಪಕ್ಕದಲ್ಲಿ ಒಂದು ಗುಳ್ಳೆ ಎದ್ದಿತು. ಒಡೆದು ರಕ್ತ ಬರುವುದು, ಒಣಗುವುದು, ಮತ್ತೆ ಒಡೆಯುವುದು. ಹಣೆಯ ಮೇಲೆ ಒರಟು ಕಲೆಗಳು, ಕೆನ್ನೆಯಲ್ಲಿ ಹೋಗದ ಕೆಂಪು ಮಚ್ಚೆ. ಅರಿಸಿನ ಹಚ್ಚಿ ಸುಮ್ಮನಿದ್ದವಳನ್ನು ದಿಲನಾಜ ಹಟ ಹಿಡಿದು ಹಾವೇರಿಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂಗಿನದೂ ಕೆನ್ನೆಯದೂ ಚರ್ಮದ ಕ್ಯಾನ್ಸರ್ ಎಂದು ಬಂತು. ಮೈಯಲ್ಲಿ ಬಣ್ಣವಿಲ್ಲದವರಿಗೆ ಬಿಸಿಲಿನಿಂದ ಇದು ಬರುವುದು ಹೆಚ್ಚು ಎಂದು ಹೇಳಿ, ಅವರು ಹುಬ್ಬಳ್ಳಿಗೆ ಕಳಿಸಿದರು.

ಹುಬ್ಬಳ್ಳಿಯಲ್ಲಿ ನೋಡಿದವರು ಡಾಕ್ಟರ್ ಶ್ರೀದೇವಿ. ಇದು ಬೇಗ ಹರಡುವ ಜಾತಿಯದಲ್ಲ, ಆದರೆ ಹಾಗೇ ಬಿಟ್ಟರೆ ಮೂಗನ್ನೇ ತಿನ್ನುತ್ತದೆ ಎಂದರು. ಕೊಯ್ದು ತೆಗೆಯುವುದು ಸಾಮಾನ್ಯವಾಗಿ ಮೊದಲ ದಾರಿ. ಮೂಗಿನ ಅಂಚಾದ್ದರಿಂದ ಬೇರೆ ಕಡೆಯ ಚರ್ಮ ತಂದು ಹೊಂದಿಸಬೇಕಾಗುತ್ತದೆ. ಆ ಮಾತಿಗೆ ದಿಲನಾಜ ಅಳತೊಡಗಿದಳು. ಅಮೀರಬಿ ಮಗಳ ಕೈ ಹಿಡಿದು ಡಾಕ್ಟರ ಕಡೆ ತಿರುಗಿದಳು.

"ಕೊಯ್ಯಬ್ಯಾಡ್ರಿ ಅಂತ ನಾ ಅನ್ನಂಗಿಲ್ರಿ. ಬ್ಯಾರೆ ದಾರಿ ಇದ್ರ ಅದನ್ನೂ ಹೇಳ್ರಿ. ಎಲ್ಲಾ ಕೇಳಿ ಆಮ್ಯಾಲ ನಾನ ಹೇಳ್ತೇನಿ."

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ವಿವರಿಸಿದರು. ಮೂಗಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಕೊಡಬಹುದು. ನಮ್ಮ ಕಡೆ ಜನ ಅದನ್ನು ಕರೆಂಟು ಇಡುವುದು ಎನ್ನುತ್ತಾರೆ. ಕೆನ್ನೆಯದು ಮೇಲುಮೇಲಿನದು, ಅದಕ್ಕೆ ಮುಲಾಮು ಸಾಕು. ಹಣೆಯ ಕಲೆಗಳು ಇನ್ನೂ ಕ್ಯಾನ್ಸರ್ ಆಗಿಲ್ಲ. ಅವುಗಳ ಮೇಲೆ ತೀರಾ ತಣ್ಣನೆಯ ದ್ರವ ಸಿಂಪಡಿಸಿ ಉದುರಿಸಬಹುದು. ಕೊಯ್ದಷ್ಟು ಖಾತ್ರಿ ಇವಕ್ಕಿಲ್ಲ, ಮತ್ತೆ ಬಂದರೂ ಬರಬಹುದು, ಮುಂದೆ ತಪ್ಪದೆ ತೋರಿಸಿಕೊಳ್ಳುತ್ತಲೇ ಇರಬೇಕು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಮೀರಬಿ ಕೆಲವನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡು, ಕೊಯ್ಯದ ದಾರಿಯನ್ನೇ ಆರಿಸಿದಳು.

ಹುಬ್ಬಳ್ಳಿಯಲ್ಲೇ ಇದ್ದ ತಂಗಿಯ ಮನೆಯಲ್ಲಿ ಉಳಿದು ಕೆಲವು ವಾರ ಆಸ್ಪತ್ರೆಗೆ ಓಡಾಡಿದಳು. ಹಣೆಯ ಕಲೆಗಳನ್ನು ಮೊದಲೇ ತಣ್ಣನೆಯ ದ್ರವದಿಂದ ಉದುರಿಸಿದರು. ಕಣ್ಣಿಗೆ ಸೀಸದ ಮರೆ ಇಟ್ಟು ಮೂಗಿನ ಮೇಲಷ್ಟೇ ವಿಕಿರಣ ಬೀಳುವಂತೆ ಮಾಡುತ್ತಿದ್ದರು. ನೋವೇನೂ ಇರಲಿಲ್ಲ, ಕೊನೆಕೊನೆಗೆ ಚರ್ಮ ಸುಲಿದು ಉರಿಯಿತು. ಆ ಹುಣ್ಣು ಮಾಯ್ದ ಮೇಲೆ ಮನೆಗೆ ಬಂದು ಕೆನ್ನೆಗೆ ಮುಲಾಮು ಹಚ್ಚತೊಡಗಿದಳು. ಅದು ರೋಗ ತಡೆಯುವ ಮೈಯೊಳಗಿನ ಕಾವಲನ್ನೇ ಎಬ್ಬಿಸಿ ಕೆಟ್ಟ ಚರ್ಮದ ಮೇಲೆ ಬಿಡುವ ಔಷಧ. ಡಾಕ್ಟರು ಮೊದಲೇ ಎಚ್ಚರಿಸಿದಂತೆ ಕೆನ್ನೆ ಕೆಂಡದಂತಾಗಿ ಹಕ್ಕಳೆ ಕಟ್ಟಿತು.

ಅದೇ ಹೊತ್ತಿಗೆ ಕದರಮಂಡಲಗಿಯ ಶಾರದವ್ವನ ಮನೆಯಿಂದ ಕರೆ ಬಂತು. ಸೊಸೆ ಪುಷ್ಪಲತಾಳ ಕುಬಸ, ಹಸಿರು ಬಳೆ ಇಡಿಸಬೇಕು. ಈ ಮುಖ ಹೊತ್ತು ಹೋಗಬೇಡ, ಬೇರೆಯವರನ್ನು ಕಳಿಸೋಣ ಎಂದು ದಿಲನಾಜ ಬೇಡಿಕೊಂಡಳು. ಅಮೀರಬಿ ಬಳೆಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು.

ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಅವಳನ್ನು ನೋಡಿ ತುಸು ಹಿಂದೆ ಸರಿದು ಕೂತರು. ಪಕ್ಕದ ಮನೆಯ ಸಿದ್ದವ್ವ, ಬಸುರಿ ಹುಡುಗಿಗೆ ಇದು ಅಂಟೀತು ಎಂದು ಶಾರದವ್ವನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅಮೀರಬಿ ಗಂಟು ಬಿಚ್ಚದೆ ನೆಟ್ಟಗೆ ಕುಳಿತಳು.

"ನನಗ ಚರ್ಮದ ಕ್ಯಾನ್ಸರ್ ಆಗೈತ್ರಿ. ಅದು ಒಬ್ಬರಿಂದ ಒಬ್ಬರಿಗೆ ಅಂಟಂಗಿಲ್ಲ. ಈಗ ಕಾಣಾಕತ್ತಿದ್ದು ಮುಲಾಮಿನ ಕೆಲಸ. ಮನಸ್ಸಿದ್ರ ಕೈ ಕೊಡ್ರಿ, ಇಲ್ಲಂದ್ರ ಬಳಿ ಕೊಟ್ಟು ಹೋಗ್ತೇನಿ, ನೀವ ಇಡಸ್ರಿ."

ಪುಷ್ಪಲತಾ ಎದ್ದು ಬಂದು ಅಮೀರಬಿಯ ಮುಂದೆ ಕುಳಿತು ಕೈ ನೀಡಿದಳು.

"ನನ್ನ ಮದುವಿ ಬಳಿ ನೀವ ಇಡಿಸೀರಿ, ಚಾಚಿ. ಇವನ್ನೂ ನೀವ ಇಡಸ್ರಿ."

ಅಮೀರಬಿ ಗಂಟು ಬಿಚ್ಚಿ, ಆ ಮುಂಗೈಯನ್ನು ಮೆಲ್ಲಗೆ ಒತ್ತಿ ನೋಡಿದಳು. ಒಂದು ಬಳೆಯೂ ಒಡೆಯದೆ ಮುಂಗೈ ತುಂಬಿತು. ಆಮೇಲೆ ಶಾರದವ್ವ ಇಡಿಸಿಕೊಂಡಳು, ಉಳಿದವರೂ ಒಬ್ಬೊಬ್ಬರಾಗಿ ಬಂದರು. ಸಿದ್ದವ್ವ ಆ ದಿನ ಕೈ ಕೊಡಲಿಲ್ಲ. ಅಮೀರಬಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಇಲ್ಲ.

ಮಳೆಗಾಲದ ಹೊತ್ತಿಗೆ ಮುಖ ತಿಳಿಯಾಯಿತು. ಮೂಗು ಇದ್ದ ಹಾಗೆಯೇ ಉಳಿದಿದೆ, ಪಕ್ಕದಲ್ಲಿ ಮಿಂಚುವ ಒಂದು ಸಣ್ಣ ಕಲೆಯಷ್ಟೆ. ಈಗ ಅವಳು ಬೆಳಗಿನ ಮೊದಲ ಬಸ್ಸಿಗೆ ಹೋಗಿ ಬಿಸಿಲೇರುವುದರೊಳಗೆ ಮನೆ ಸೇರುತ್ತಾಳೆ. ತುಂಬುತೋಳಿನ ರವಿಕೆ, ರಾಣೆಬೆನ್ನೂರಿನಿಂದ ತಂದ ಅಗಲ ಅಂಚಿನ ಟೊಪ್ಪಿಗೆ. ಓಣಿಯವರು ಮೊದಮೊದಲು ನಕ್ಕರು, ಈಗ ರೂಢಿಯಾಗಿದೆ. ಹೋದ ವರ್ಷ ಕಿವಿಯ ಮೇಲೆ ಹೊಸದೊಂದು ಒರಟು ಕಲೆ ಕಂಡಾಗ ಯಾರನ್ನೂ ಕಾಯದೆ ಒಬ್ಬಳೇ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಉದುರಿಸಿಕೊಂಡು ಬಂದಳು.

ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರ್ ಶ್ರೀದೇವಿ ಹೊಸದಾಗಿ ಬಂದು ಹೆದರಿ ಕೂತವರ ಹತ್ತಿರ ಅವಳನ್ನು ಕರೆದೊಯ್ಯುತ್ತಾರೆ. ಅಮೀರಬಿ ಟೊಪ್ಪಿಗೆ ತೆಗೆದು, ದೀಪದ ಬೆಳಕಿಗೆ ಮುಖ ಹಿಡಿದು ಎದುರು ಕೂರುತ್ತಾಳೆ.

"ಇಲ್ಲಿ ನೋಡ್ರಿ, ಇಲ್ಲೇ ಇತ್ತು. ನಿಮಗ ಯಾವ ದಾರಿ ಅನ್ನೋದನ್ನ ಡಾಕ್ಟರ್ ಹೇಳ್ತಾರ. ಕೇಳಾಕ ಮಾತ್ರ ಹೆದರಬ್ಯಾಡ್ರಿ."