ಅವ್ವ ಓದಿದ ಇಂಗ್ಲಿಷ್

ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಬೀದರಿನಿಂದ ಔರಂಗಾಬಾದಿಗೆ ವರ್ಗವಾದಾಗ ನನ್ನ ಬಿ.ಕಾಂ. ಆಗಷ್ಟೇ ಮುಗಿದಿತ್ತು. ಈಗ ಆ ಊರು ಛತ್ರಪತಿ ಸಂಭಾಜಿನಗರ. ನನ್ನ ಬಾಯಿಗೆ ಮಾತ್ರ ಇಂದಿಗೂ ಹಳೆಯ ಹೆಸರೇ ಮೊದಲು ಬರುತ್ತದೆ. ಅದು ಎಂಬತ್ತರ ದಶಕದ ಕೊನೆ. ಊರಂಚಿನ ಚಿಕಲಠಾಣಾದ ಕಾರ್ಖಾನೆಗಳಲ್ಲಿ ಸ್ಟೆನೋ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಬ್ಯಾಂಕಿನಲ್ಲಿ ಯಾರೋ ಅಪ್ಪನಿಗೆ ಹೇಳಿದ್ದರು. ಹಾಗಾಗಿ ನಾನು ಮನೆಯ ಹತ್ತಿರದ ಟೈಪಿಂಗ್ ಕ್ಲಾಸಿಗೆ ಸೇರಿ ಶಾರ್ಟ್‌ಹ್ಯಾಂಡ್ ಕಲಿಯತೊಡಗಿದೆ.

ಶಾರ್ಟ್‌ಹ್ಯಾಂಡ್‌ನಲ್ಲಿ ಸ್ಪೆಲಿಂಗಿನ ಗೊಡವೆಯಿಲ್ಲ. ಕಿವಿಗೆ ಕೇಳಿಸಿದ್ದನ್ನು ಗೆರೆ, ಚುಕ್ಕೆಗಳಲ್ಲಿ ಇಳಿಸಿದರಾಯಿತು. ಆಡಿದಂತೆ ಬರೆಯುವ ಭಾಷೆಯಲ್ಲಿ ಬೆಳೆದವಳಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಉಳಿದವರು ತಡವರಿಸುವಾಗ ನನ್ನ ಪೆನ್ಸಿಲ್ ಓಡುತ್ತಿತ್ತು. ಪೇಚಿಗೆ ಸಿಕ್ಕಿದ್ದು ಆ ಗೆರೆಗಳನ್ನು ನೋಡಿ ಮತ್ತೆ ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ.

ಒಂದು ದಿನ ನಮ್ಮ ಮಾಸ್ತರರು ನನ್ನ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಮುಂದಿನ ವಾರ ಸರಕು ಕಳಿಸುತ್ತೇವೆ’ ಎಂದಿರಬೇಕಾದ ಕಡೆ ನಾನು ‘ಮುಂದಿನ ಬಲಹೀನ ಸರಕು ಕಳಿಸುತ್ತೇವೆ’ ಎಂದು ಅರ್ಥ ಬರುವಂತೆ ಟೈಪ್ ಮಾಡಿದ್ದೆ. ವಾರವೂ ‘ವೀಕ್’, ಬಲವಿಲ್ಲದ್ದೂ ‘ವೀಕ್’. ವಾರಕ್ಕೆ ಎರಡು ‘ಇ’, ಇನ್ನೊಂದಕ್ಕೆ ‘ಇ’ಯ ಪಕ್ಕ ‘ಎ’. ಶಾರ್ಟ್‌ಹ್ಯಾಂಡ್‌ನಲ್ಲಿ ಎರಡಕ್ಕೂ ಒಂದೇ ಗೆರೆ. ಮಾಸ್ತರರು ಬೈಯುವವರಲ್ಲ. ಕಿವಿ ಚುರುಕಾಗಿದೆ, ಅದರ ಹಿಂದೆ ತಲೆಯೂ ಓಡಬೇಕು, ಮನೆಯಲ್ಲಿ ಯಾರಿಂದಲಾದರೂ ಓದಿಸಿಕೊಂಡು ದಿನಾ ಬರೆ ಎಂದು ಮರಾಠಿಯಲ್ಲಿ ಹೇಳಿದರು.

ಓದುವವರು ಯಾರು? ಅಪ್ಪ ಬ್ಯಾಂಕಿನಿಂದ ಸುಸ್ತಾಗಿ ಬರುತ್ತಿದ್ದರು. ಎರಡು ಪ್ಯಾರಾ ಓದುವಷ್ಟರಲ್ಲಿ ಅವರ ಕಣ್ಣು ಮುಚ್ಚುತ್ತಿತ್ತು. ಅವ್ವ ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಕನ್ನಡದಲ್ಲಿ. ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ವಚನಗಳ ದಪ್ಪ ಪುಸ್ತಕವನ್ನು ಗಟ್ಟಿಯಾಗಿ, ಎಲ್ಲೂ ಎಡವದೆ ಓದುತ್ತಿದ್ದಳು. ನಾನೇ ಓದಿಕೊಂಡು ನಾನೇ ಬರೆದುಕೊಳ್ಳುವುದನ್ನು ಕೆಲವು ದಿನ ನೋಡಿದವಳು ಒಂದು ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ಬಂದು ಕೂತಳು.

“ನಂಗ ಕನ್ನಡದಾಗ ಬರ್ದು ಕೊಡು. ನಾ ಓದ್ತೀನಿ.”

ನಾನು ನಗಲಿಲ್ಲ, ಯಾಕೆಂದರೆ ಅದು ಆಗಬಹುದಾದ ಮಾತೆಂದು ತಕ್ಷಣ ಹೊಳೆಯಿತು. ಒಂದು ವ್ಯಾಪಾರಿ ಪತ್ರವನ್ನು ಕನ್ನಡ ಲಿಪಿಯಲ್ಲಿ ಇಳಿಸಿಕೊಟ್ಟೆ. “ವಿ ಆರ್ ಇನ್ ರಿಸೀಟ್ ಆಫ್ ಯುವರ್ ಲೆಟರ್” ಎಂದು ಅವ್ವ ಶುರು ಮಾಡಿದಳು. ವೇಗ ಚೆನ್ನಾಗಿತ್ತು. ಆದರೆ ರಾಗ ವಚನದ್ದು. ಸಾಲಿನ ಕೊನೆಗೆ ದನಿ ಎಳೆದು ಇಳಿಸುತ್ತಿದ್ದಳು. ಪಕ್ಕದ ಮನೆಯ ಮರಾಠಿ ಅಜ್ಜಿ ಇಣುಕಿ, ಮಧ್ಯಾಹ್ನ ಇದ್ಯಾವ ಪೂಜೆ ಎಂದು ಕೇಳಿ ಹೋದರು.

ಹೀಗೆ ಮೂಗುದಾರ ಎಳೆದತ್ತ ಹೋಗುವ ಎತ್ತಿನಂತೆ ಓದುವುದು ಅವ್ವನಿಗೆ ಬಹಳ ದಿನ ಸೇರಲಿಲ್ಲ. “ಅರ್ಥ ತಿಳೀದ ಓದಿದ್ರ ಬಾಯಿ ಒಣಗ್ತದ, ಅಷ್ಟ” ಎಂದಳು. ಅಂದಿನಿಂದ ಓದುವ ಮುಂಚೆ ಪತ್ರದ ಸಾರ ಹೇಳಬೇಕಾಯಿತು. ಆಗಲೇ ಒಂದೇ ಸದ್ದಿನ ಮಾತುಗಳು ಅವಳ ಕೈಗೆ ಸಿಕ್ಕಿದ್ದು. ‘ವೇಟ್’ ಅಂದರೆ ಕಾಯುವುದು ಎಂದಿದ್ದೆ. ಮರುದಿನ ಅದು ತೂಕವಾಯಿತು. ‘ಸೈಟ್’ ನೋಟವೂ ಹೌದು, ಮನೆ ಕಟ್ಟುವ ಜಾಗವೂ ಹೌದು. ‘ಡಿಯರ್’ ಅಂದರೆ ಜಿಂಕೆಯೂ ಆಗುತ್ತದೆಂದು ತಿಳಿದ ಮೇಲೆ ಅವಳಿಗೆ ಒಂದು ವಾರ ‘ಡಿಯರ್ ಸರ್’ ದಾಟಿ ಮುಂದೆ ಹೋಗಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಒಂದೊಂದಕ್ಕೂ ಬೇರೆ ಬೇರೆ ಸ್ಪೆಲಿಂಗ್ ಎಂದು ವಿವರಿಸಿದಾಗ ಅವಳು ಯೋಚಿಸಿ ಹೇಳಿದಳು: “ನಮ್ಮ ಕರಿ ಅನ್ನೂ ಮಾತು ನೋಡು. ಬಣ್ಣಾನೂ ಕರಿ, ಹಪ್ಪಳಾನೂ ಕರಿ, ಮಂದೀನೂ ಕರಿ. ಬರ್ಯೂದು ಒಂದೇ ಥರ. ಯಾರೂ ದಾರಿ ತಪ್ಪೂದಿಲ್ಲ. ಇವ್ರಿಗ್ಯಾಕ ಇಷ್ಟು ಸಂಶಯ?”

ನಾನು ಮುಂದಿನ ಪತ್ರವನ್ನು ಅವಳ ಕೈಗಿಟ್ಟೆ.

ಕೆಲವು ದಿನಗಳಲ್ಲಿ ಮನೆಯಲ್ಲಿ ನಾನು ಗೆರೆಗಳಿಂದ ಇಂಗ್ಲಿಷಿಗೆ ಇಳಿಸಿದ್ದೆಲ್ಲ ಸರಿಯಾಗತೊಡಗಿತು. ಕ್ಲಾಸಿನಲ್ಲಿ ಮಾತ್ರ ಮತ್ತೆ ಅದೇ ತಪ್ಪು. ಮಾಸ್ತರರು ಮನೆಯಲ್ಲಿ ಹೇಗೆ ಓದಿಸಿಕೊಳ್ಳುತ್ತೀ ಎಂದು ವಿಚಾರಿಸಿ, ಸಂಜೆ ನಮ್ಮ ಮನೆಗೇ ಬಂದು ಚಹಾ ಕುಡಿಯುತ್ತ ಕೇಳಿಸಿಕೊಂಡರು. ಅವ್ವ ವಾರದ ‘ವೀಕ್’ ಅನ್ನು ಸಲೀಸಾಗಿ ಓದಿದಳು. ಬಲವಿಲ್ಲದ ‘ವೀಕ್’ ಬಂದಾಗ ದನಿ ತಾನಾಗಿ ಸೊರಗಿತು, ಜ್ವರ ಬಂದವರ ಸುದ್ದಿ ಹೇಳುವವಳಂತೆ. ಉತ್ತರವನ್ನು ನಿಮ್ಮ ದನಿಯೇ ಹೇಳಿಕೊಡುತ್ತಿದೆ ತಾಯಿ ಎಂದು ಮಾಸ್ತರರು ಹಿಂದಿಯಲ್ಲಿ ಹೇಳಿ ಮನಸಾರೆ ನಕ್ಕರು. ಅವ್ವನಿಗೆ ನಾಚಿಕೆಯಾದರೂ ಒಳಗೊಳಗೇ ಹಿಗ್ಗಿದ್ದಳೆಂದು ನನಗೆ ಗೊತ್ತಾಯಿತು. ಮರುದಿನದಿಂದ ಭಾವವಿಲ್ಲದೆ ಓದುವ ಅಭ್ಯಾಸಕ್ಕೆ ಇಳಿದಳು. ಇಂಗ್ಲಿಷ್ ಓದುವುದಕ್ಕಿಂತ ಅದೇ ಅವಳಿಗೆ ಕಷ್ಟವಾದದ್ದು. ನಾನೂ ಹಿಂದಿನ ಮುಂದಿನ ಮಾತು ನೋಡಿ ನಿರ್ಧರಿಸುವುದನ್ನು ಕಲಿಯಲೇಬೇಕಾಯಿತು.

ಆ ಸಲ ಶಾರ್ಟ್‌ಹ್ಯಾಂಡ್ ಪರೀಕ್ಷೆಯ ಕೇಂದ್ರ ನಾಸಿಕದಲ್ಲಿ ಬಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ, ಅವ್ವನೇ ಜೊತೆಗೆ ಬಂದಳು. ಅಲ್ಲಿಗೆ ಹತ್ತಿರದ ದೇವಳಾಲಿ ಸೇನಾ ಕ್ಯಾಂಪಿನಲ್ಲಿ ಅವಳ ತವರಿನ ಕಡೆಯ ಸೈನಿಕರೊಬ್ಬರ ಮನೆಯಿತ್ತು; ಅಲ್ಲಿ ಇಳಿದೆವು. ಸಂಜೆ ದೂರದಲ್ಲಿ ಫಿರಂಗಿ ತರಬೇತಿಯ ಸದ್ದು ಕೇಳುತ್ತಿದ್ದಾಗ ಮೆಟ್ಟಿಲ ಮೇಲೆ ಕೂತು ಅವ್ವ ಕೊನೆಯ ಬಾರಿ ಓದಿದಳು. ಆ ಮನೆಯಾಕೆ ಸೊಪ್ಪು ಬಿಡಿಸುತ್ತ ಬೆರಗಾಗಿ ಕೇಳುತ್ತಿದ್ದರು. “ನಿಮಗ ಇಂಗ್ಲಿಷ್ ಬರ್ತದೇನ್ರಿ?” ಎಂದರು.

“ಬರೂದಿಲ್ರಿ,” ಅವ್ವ ಅಂದಳು. “ಓದಾಕ ಬರ್ತದ.”

ಮರುದಿನ ಪರೀಕ್ಷಕರು ಗೋಡೆಗೆ ಹೇಳಿದಂತೆ ಓದಿದರು. ಒಂದು ಸಾಲಿನಲ್ಲಿ ಎರಡು ‘ವೇಟ್’ ಬಂದವು: ಸರಕಿನ ತೂಕ ನೋಡುವವರೆಗೆ ದಯವಿಟ್ಟು ಕಾಯಿರಿ ಎಂದು. ಟೈಪ್ ಮಾಡುವಾಗ ಕೈ ಒಂದು ಗಳಿಗೆ ನಿಂತಿತು. ಸಾಲನ್ನು ಮೊದಲಿಂದ ಮನಸ್ಸಿನಲ್ಲೇ ಓದಿಕೊಂಡೆ, ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಹೊರಗೆ ಬೇವಿನ ಮರದ ಕೆಳಗೆ ಅವ್ವ ಇನ್ಯಾರದೋ ತಾಯಿಯೊಡನೆ ತನ್ನ ಹರಕುಮುರುಕು ಮರಾಠಿಯಲ್ಲಿ ಹರಟುತ್ತಿದ್ದಳು. ನನ್ನ ಮುಖ ನೋಡಿ ಬುತ್ತಿ ಬಿಚ್ಚಿದಳು.

ನಾನು ಪಾಸಾದೆ. ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ಇನ್ನು ಓದಿಸಿಕೊಳ್ಳುವ ಅಗತ್ಯವಿರಲಿಲ್ಲ, ಆದರೆ ಭಾನುವಾರದ ಮಧ್ಯಾಹ್ನ ಅವ್ವ ಸುತ್ತಮುತ್ತ ಸುಳಿದಾಡುತ್ತಿದ್ದಳು. ಇಂಗ್ಲಿಷ್ ಅಕ್ಷರವನ್ನೇ ಕಲಿಸುತ್ತೇನೆ ಎಂದೆ. ಒಪ್ಪಿ, ತಿಂಗಳೊಪ್ಪತ್ತು ಕಲಿತಳು; ಅಂಗಡಿಯ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುವಷ್ಟಾಯಿತು. ಆಮೇಲೆ ಒಂದು ದಿನ ಪಾಟಿ ಪಕ್ಕಕ್ಕಿಟ್ಟು, ಇದು ಭಾಳ ಸಾವಕಾಶ ಹೋಗ್ತದ, ನಂಗ ನನ್ನ ಲಿಪೀನೇ ಸಾಕು ಎಂದುಬಿಟ್ಟಳು. ನಾನು ಒತ್ತಾಯಿಸಲಿಲ್ಲ. ಆಫೀಸಿನಲ್ಲಿ ಬರೆದುಕೊಂಡಿದ್ದ ಯಾವುದೋ ಯಂತ್ರದ ವಿವರಣೆಯನ್ನು ಕನ್ನಡದಲ್ಲಿ ಇಳಿಸಿಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು, ಗೋಡೆಗೆ ಒರಗಿ, ಗಂಟಲು ಸರಿಮಾಡಿಕೊಂಡಳು.