ಸಂಪಿನ ಪೂರ್ವದ ಗೋಡೆ

ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ‘ಸಿಕ್ಕಿದ್ರೆ ಮನೆಗೆ ಕಳಿಸಿ, ಕಾಫಿ ಕೊಡ್ತೀನಿ’ ಎಂದು ಆಫೀಸಿನಲ್ಲಿ ಎಲ್ಲರನ್ನೂ ರೇಗಿಸುತ್ತಿದ್ದೆ. ಎಂಥ ಉಡಾಫೆ! ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ತೊಂಬತ್ತರ ದಶಕದಲ್ಲಿ ಜೆ.ಪಿ. ನಗರದಾಚೆ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದೆ. ಎಲ್ಲಕ್ಕಿಂತ ಮೊದಲು ನೀರಿನ ಸಂಪು ತೋಡಿಸಿದೆವು. ಆಳುದ್ದ ಅಗೆದಿರಬೇಕು, ಮಣ್ಣಿನ ಜೊತೆ ಪುಟ್ಟ ಪುಟ್ಟ ಮೂಳೆಗಳು ಬಂದವು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ತಲೆಬುರುಡೆ. ಒಂದು ಹಿತ್ತಾಳೆಯ ಶಿಲುಬೆ. ಮೂಳೆಗಳು ಕೂಸಿನವು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮೇಸ್ತ್ರಿ ಮುನಿಯಪ್ಪ ಗುಂಡಿಯ ಪೂರ್ವದ ಗೋಡೆ ತೋರಿಸಿ, “ಇಲ್ಲೂ ಐತೆ ಸಾರ್. ಇದು ದೊಡ್ಡೋರ್ದು. ಕೆಲಸ ನಿಲ್ಸಿ, ಯಾರನ್ನಾದ್ರೂ ಕೇಳಾಣ” ಅಂದ.

“ಕಲ್ಲು ಕಟ್ಟಿ ಗಾರೆ ಮೆತ್ತಿ ಮೇಸ್ತ್ರಿ. ಮನೇಲಿ ಮಾತ್ರ ಬಾಯಿ ಬಿಡ್ಬೇಡಿ” ಅಂದೆ.

ನನ್ನ ಹೆಂಡತಿ ಸುಧಾಳಿಗೆ ಗೊತ್ತಾದರೆ ಆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಚಿಕ್ಕ ಮೂಳೆಗಳೂ ಶಿಲುಬೆಯೂ ಮಣ್ಣಿನ ಲಾರಿಯಲ್ಲಿ ಹೋದವು. ದೊಡ್ಡವು ಗೋಡೆಯ ಹಿಂದೆ ಉಳಿದವು. ನನಗೆ ಒಂದು ದಿನವೂ ನಿದ್ದೆ ಕೆಡಲಿಲ್ಲ.

ಗೃಹಪ್ರವೇಶವಾಗಿ ವರ್ಷ ಕಳೆದಿತ್ತು. ಸುಧಾಳಿಗೆ ಏಳು ತಿಂಗಳು. ಸೀಮಂತ ಮುಗಿದು, ಮುಂದಿನ ಭಾನುವಾರ ಊರೊಳಗೇ ಇದ್ದ ಶ್ರೀನಗರದ ತವರಿಗೆ ಹೋಗುವವಳಿದ್ದಳು. ಒಂದು ಮಧ್ಯಾಹ್ನ ಮರೆತ ಫೈಲಿಗೆಂದು ನಾನು ಜಯನಗರದ ಆಫೀಸಿನಿಂದ ಮನೆಗೆ ಬಂದೆ. ಸುಡುಬಿಸಿಲು, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗೇಟು ತೆಗೆದವನು ಅಲ್ಲೇ ನಿಂತೆ. ಸಂಪಿನ ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಅದನ್ನು ಎತ್ತುವುದಕ್ಕೆ ನನಗೇ ಏದುಸಿರು ಬರುತ್ತಿತ್ತು. ಸುಧಾ ಸಂಪಿನ ಬಾಯಿಯ ಅಂಚಿನಲ್ಲಿ ಕೂತು ಎರಡೂ ಕಾಲುಗಳನ್ನು ಒಳಗೆ ಇಳಿಬಿಟ್ಟಿದ್ದಳು. ಕೆಳಗೆ ತುಂಬಿದ ನೀರು.

ಕೂಗಿದರೆ ಬೆಚ್ಚಿ ಜಾರಿಬಿಟ್ಟಾಳು ಎಂದು ಚಪ್ಪಲಿ ಬಿಟ್ಟು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದೆ. ಅವಳು ತಿರುಗಿ ನೋಡಲಿಲ್ಲ.

“ಬಂದ್ರಾ? ಇವಳು ಆಗ್ಲಿಂದ ಒಂದೇ ಕೇಳ್ತಿದಾಳೆ ರೀ. ನನ್ನ ಮಗೂನ ಎಲ್ಲಿಗೆ ಕಳಿಸಿದ್ರಿ ಅಂತ.”

“ಯಾರೇ?” ಎಂದೆ.

ಅವಳು ಪೂರ್ವದ ಗೋಡೆಯತ್ತ ಕೈ ತೋರಿಸಿದಳು. “ಏನು ಹೇಳ್ಲಿ, ಹೇಳಿ. ಇಲ್ದಿದ್ರೆ ನಿನ್ನದನ್ನ ಕೊಡು ಅಂತಿದಾಳೆ.”

ಕಂಕುಳಿಗೆ ಕೈ ಹಾಕಿ ಅವಳನ್ನು ಹಿಂದಕ್ಕೆ ಎಳೆದೆ. ಎಳೆಯುವಾಗ ಅವಳ ಭಾರ ಒಬ್ಬಳ ಭಾರವಾಗಿರಲಿಲ್ಲ. ಇದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಹೆದರಿದವನ ಕೈಗೆ ಹಾಗನಿಸಿರಬಹುದು. ಹೇಗೋ ಒಳಗೆ ಕರೆತಂದು ಮಲಗಿಸಿ, ಬಾಗಿಲು ಹಾಕಿಕೊಂಡು ಪಕ್ಕದಲ್ಲೇ ಕೂತೆ. ಸಂಜೆ ಎದ್ದವಳು, “ಇವತ್ತೇನು ಬೇಗ ಬಂದ್ಬಿಟ್ರಿ?” ಎಂದು ನಗುತ್ತಾ ಕೇಳಿದಳು. ಅವಳಿಗೆ ಏನೊಂದೂ ನೆನಪಿರಲಿಲ್ಲ. ಭಾನುವಾರಕ್ಕೂ ಕಾಯದೆ, ಆಗಲೇ ಆಟೋ ಹಿಡಿದು ತವರಿಗೆ ಬಿಟ್ಟು ಬಂದೆ.

ಮಾರನೆಯ ದಿನ ಮೇಸ್ತ್ರಿಯ ಮನೆಗೆ ಹೋಗಿ, “ನೀವೇ ತಾನೇ ಅವಳಿಗೆ ಹೇಳಿದ್ದು?” ಎಂದು ಜಗಳಕ್ಕೇ ನಿಂತೆ. ಹೇಳಿದ್ದೇನೆ ಅನ್ನಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ಮಕ್ಕಳಾಣೆಗೂ ಇಲ್ಲ ಸಾರ್. ಅಮ್ಮೋರನ್ನ ಗೃಹಪ್ರವೇಶದ ದಿನ ನೋಡಿದ್ದೇ ಕೊನೆ” ಅಂದ. ಸುಳ್ಳು ಹೇಳುವ ಮನುಷ್ಯನಲ್ಲ.

ಆ ಶಿಲುಬೆಯನ್ನು ನೆನಪಿಟ್ಟಿದ್ದ ಅವನೇ ಬಡಾವಣೆಯ ಪಕ್ಕದ ಹಳೇ ಊರಿನ ಕಡೆಯಿಂದ ಚಿನ್ನಪ್ಪ ಎಂಬ ಮುದುಕರನ್ನು ಕರೆತಂದ. ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಂಧ್ರದಿಂದ ಗಾಡಿ ಕಟ್ಟಿಕೊಂಡು ಬಂದು ಇಲ್ಲಿ ಬೇಸಾಯ ಹೂಡಿದ ಕ್ಯಾಥೊಲಿಕರಂತೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಪ್ಲೇಗು ಬಂದಾಗ ಊರು ಚೆದುರಿತು, ಆಮೇಲೆ ಹೊಲಗಳು ಸೈಟುಗಳಾದವು. ಅವರ ಸಮಾಧಿಗಳಿದ್ದ ತೋಪು ನಮ್ಮ ಬೀದಿಯಾಯಿತು. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಬಂದರೆ ಎಲ್ಲಿ ಹಚ್ಚಬೇಕೆಂದೇ ತಿಳಿಯುತ್ತಿರಲಿಲ್ಲ ಎಂದರು.

ಸಂಪು ಬರಿದು ಮಾಡಿ ಗೋಡೆ ಒಡೆಸಿದೆವು. ಒಂದು ಮೈಯ ಮೂಳೆಗಳು ಸಿಕ್ಕವು. ಚಿನ್ನಪ್ಪ ಅವನ್ನು ಬಿಳಿ ಬಟ್ಟೆಯ ಮೇಲೆ ಒಂದೊಂದಾಗಿ ಇಟ್ಟರು. ಆಮೇಲೂ ಗುಂಡಿಯೊಳಗೆ ಬಗ್ಗಿ ಹುಡುಕುತ್ತಲೇ ಇದ್ದರು.

“ಹೆರಿಗೇಲಿ ಹೋದೋಳನ್ನ ಕೂಸಿನ ಸಮೇತ ಈ ಮೂಲೇಲೇ ಮಣ್ಣು ಮಾಡಿದ್ರು ಅಂತ ನಮ್ಮಜ್ಜಿ ಹೇಳೋರು. ತಾಯಿ ಸಿಕ್ಕಿದ್ಲು. ಮಗು ಎಲ್ಲಿ ಸಾರ್?” ಎಂದರು.

ಮೇಸ್ತ್ರಿ ತಲೆ ತಗ್ಗಿಸಿದ. ಆ ವಾರವೆಲ್ಲ ಲಾರಿಯವನನ್ನು ಹುಡುಕಿದೆ. ಎಲ್ಲೋ ತಗ್ಗು ಮುಚ್ಚಲು ಸುರಿದೆ, ಯಾವ ಜಾಗವೋ ನೆನಪಿಲ್ಲ ಎಂದ. ತಾಯಿಯನ್ನು ಚರ್ಚಿನ ಸಮಾಧಿಭೂಮಿಯಲ್ಲಿ ಒಬ್ಬಳನ್ನೇ ಮಣ್ಣು ಮಾಡಿದರು. ನಾವು ಆ ಮನೆ ಬಿಟ್ಟೆವು.

ನಮಗೆ ಮಗಳು ಹುಟ್ಟಿದಳು. ಏನೂ ಕೇಡಾಗಲಿಲ್ಲ. ಸುಧಾಳಿಗೆ ಆ ಮಧ್ಯಾಹ್ನ ಹೇಗೆ ತಿಳಿಯಿತೋ, ಆ ಮುಚ್ಚಳ ಎತ್ತಿದ್ದು ಯಾರೋ, ನನಗೆ ಇಂದಿಗೂ ಅರ್ಥವಾಗಿಲ್ಲ. ಅವಳಿಗೆ ನಾನು ಹೇಳಿಯೂ ಇಲ್ಲ. ಮಗಳು ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಒಳಗಿನಿಂದ ಸುಧಾ ಕೂಗುತ್ತಾಳೆ: “ಏನ್ರೀ, ಮಗು ಎಲ್ಲಿ?”